ಒಂದು ಗೇಣು ಲೆವೆಲ್ ಪೈಪು

1984ರಲ್ಲಿ ನಾನು ಬಿಜಾಪುರ ಜಿಲ್ಲೆಯಲ್ಲಿ ಮೋಟಾರು ವಾಹನ ನಿರೀಕ್ಷಕನಾಗಿದ್ದೆ. ಬಾಗಲಕೋಟೆ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. ಬಾಗಲಕೋಟೆ, ಬಾದಾಮಿ, ಹುನಗುಂದ ತಾಲ್ಲೂಕುಗಳು ನನ್ನ ಪಾಲಿಗೆ ಬಂದಿದ್ದವು. ಎಲ್ಲಿ ಅಪಘಾತವಾದರೂ ಪೊಲೀಸರು ನನ್ನನ್ನು ಕರೆಸುತ್ತಿದ್ದರು. ನಾನು ವಾಹನ ನೋಡಿ ವರದಿ ಕೊಡಬೇಕಿತ್ತು. ಅದಕ್ಕೊಂದು ಅಚ್ಚು ಹಾಕಿದ ಫಾರ್ಮು ಇತ್ತು: ಬ್ರೇಕು, ಸ್ಟಿಯರಿಂಗು, ಟೈರು, ದೀಪ, ಹಾರ್ನು. ಕೊನೆಯ ಸಾಲನ್ನು ಮಾತ್ರ ನಾವೇ ಬರೆಯುತ್ತಿದ್ದೆವು: ‘ಅಪಘಾತವು ವಾಹನದ ಯಾಂತ್ರಿಕ ದೋಷದಿಂದ ಸಂಭವಿಸಿಲ್ಲ.’ ಆ ಸಾಲನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಗೊತ್ತಿಲ್ಲ. ದೋಷ ವಾಹನದ್ದಲ್ಲ ಎಂದ ಮೇಲೆ ಯಾರದ್ದು ಎಂದು ಕೋರ್ಟಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅದು ಡ್ರೈವರನ ತಲೆಗೇ ಬರುತ್ತಿತ್ತು.

ಆ ವರ್ಷದ ಬೇಸಿಗೆಯಲ್ಲಿ, ಕಮತಗಿ ದಾಟಿ ಅಮೀನಗಡ ಇನ್ನೂ ಮೂರ್ನಾಲ್ಕು ಕಿಲೋಮೀಟರ್ ಇರುವಾಗ ಒಂದು ಫಿಯೆಟ್ ಕಾರು ಹೊತ್ತಿ ಉರಿಯಿತು. ಕಾರು ಇಳಕಲ್ಲಿನ ಒಬ್ಬ ಗ್ರಾನೈಟ್ ಸಾಹುಕಾರರದ್ದು. ಓಡಿಸುತ್ತಿದ್ದವನು ಹದಿನೇಳು ವರ್ಷದಿಂದ ಆ ಮನೆಯ ಡ್ರೈವರ್ ಆಗಿದ್ದ ಹುಸೇನಸಾಬ. ಸಾಹುಕಾರರ ತಾಯಿ ನೀಲವ್ವನನ್ನು ಮಹಾಕೂಟದ ದೇವಸ್ಥಾನಕ್ಕೆ ಕರೆದೊಯ್ದು, ಬಾದಾಮಿಯ ಮೇಲೆ ವಾಪಸು ಬರುತ್ತಿದ್ದ. ಹಿಂದಿನ ಸೀಟಿನ ಕೆಳಗಿನಿಂದ ಬೆಂಕಿ ಎದ್ದದ್ದು ಕಂಡ ಕೂಡಲೇ ಕಾರು ನಿಲ್ಲಿಸಿ ಆ ಮುದುಕಿಯನ್ನು ಎತ್ತಿ ಹೊರಗೆ ತಂದ. ಆಕೆಗೆ ಒಂದು ಗುಳ್ಳೆಯೂ ಏಳಲಿಲ್ಲ. ಅವನ ಎರಡೂ ಕೈ ಸುಟ್ಟುಹೋದವು.

ಮರುದಿನವೇ ಸಾಹುಕಾರರು ಠಾಣೆಗೆ ದೂರು ಕೊಟ್ಟರು. ಹುಸೇನಸಾಬ ಬೀಡಿ ಸೇದುತ್ತ ಕಾರು ಓಡಿಸಿದ, ಅದರಿಂದಲೇ ಬೆಂಕಿ ಬಿತ್ತು ಎಂದು ಅದರಲ್ಲಿತ್ತು. ಕೇಸು ನಿಂತರೆ ಅವನಿಗೆ ಜೈಲು, ಲೈಸೆನ್ಸೂ ರದ್ದು. ತಮ್ಮ ತಾಯಿಯನ್ನು ಉಳಿಸಿದವನ ಮೇಲೆ ಇಂಥ ದೂರು!

ನಾನು ಹೋದಾಗ ಕಾರು ರಸ್ತೆಯ ಪಕ್ಕದಲ್ಲೇ ಇತ್ತು. ಮೇಲ್ಭಾಗ ಕರಕಲಾಗಿತ್ತು. ಬ್ರೇಕ್ ಡ್ರಮ್ ನೋಡಿದೆ, ಸ್ಟಿಯರಿಂಗ್ ತಿರುಗಿಸಿದೆ, ಫಾರ್ಮು ತುಂಬಿದೆ. ಬಿಸಿಲು ನೆತ್ತಿ ಸುಡುತ್ತಿತ್ತು. ಫೌಜದಾರರು, ಅಂದರೆ ಸಬ್‌ಇನ್‌ಸ್ಪೆಕ್ಟರು, ಕೊಡೆ ಹಿಡಿದು ನಿಂತಿದ್ದರು.

“ಅದ ಒಂದ ಸಾಲು ಬರದ ಬಿಡ್ರಿ ಸಾಹೇಬ್ರ. ದಿನಾ ಬರಿಯೂದ ಅಲ್ಲೇನ್ರಿ?” ಎಂದರು.

ಬರೆದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಬರೆದದ್ದು ನಿಜ. ಡ್ರೈವರನ ಲೈಸೆನ್ಸ್ ನಂಬರ್ ಒಂದು ಬಾಕಿ ಇತ್ತು, ಅದಿಲ್ಲದೆ ಸಹಿ ಮಾಡುವಂತಿರಲಿಲ್ಲ. ಲೈಸೆನ್ಸ್ ಅವನ ಬಳಿಯೇ ಇದೆ ಎಂದರು. ಅದಕ್ಕಾಗಿ ದವಾಖಾನೆಗೆ ಹೋದೆ.

ಹುಸೇನಸಾಬನ ಕೈಗಳಿಗೆ ಮೊಣಕೈವರೆಗೆ ಬ್ಯಾಂಡೇಜು ಸುತ್ತಿದ್ದರು. ಅವನ ಹೆಂಡತಿ ದಿಂಬಿನ ಕೆಳಗಿಂದ ಲೈಸೆನ್ಸ್ ತೆಗೆದುಕೊಟ್ಟಳು. ನಾನು ನಂಬರ್ ಬರೆದುಕೊಳ್ಳುತ್ತಿದ್ದಾಗ ಅವನು ಮೆಲ್ಲಗೆ ಕೇಳಿದ:

“ಸಾಹೇಬ್ರ, ಹಿಂದಿನ ಡಿಕ್ಕಿ ತಗದ ನೋಡೀರೇನ್ರಿ?”

ನೋಡಿರಲಿಲ್ಲ. ಫಾರ್ಮಿನಲ್ಲಿ ಡಿಕ್ಕಿಗೆ ಕಾಲಮ್ಮೇ ಇರಲಿಲ್ಲ.

“ನಾ ಬೀಡಿ ಸೇದಂಗಿಲ್ರಿ. ಪೆಟ್ರೋಲ್ ವಾಸನಿ ಬರಾಕತ್ತೈತಿ ಅಂತ ಎಂಟ ದಿನದ ಹಿಂದನ ಸಣ್ಣ ಸಾಹುಕಾರ್ರಿಗೆ ಹೇಳಿದ್ನಿ. ಗಾಜ ಇಳಿಸಿ ಓಡಸು ಅಂದ್ರು.”

ವಾಪಸು ಹೋಗಿ ಡಿಕ್ಕಿ ತೆಗೆಸಿದೆ. ಒಳಗೆ ಇಪ್ಪತ್ತು ಲೀಟರಿನ ಒಂದು ಕ್ಯಾನನ್ನು ಕಬ್ಬಿಣದ ಪಟ್ಟಿಯಿಂದ ಬಿಗಿದಿದ್ದರು. ಅದರ ಪಕ್ಕದಲ್ಲಿ ಬ್ಯಾಟರಿಯಿಂದ ನಡೆಯುವ ಪಂಪು. ಕಾರಿನ ಸ್ವಂತ ಟ್ಯಾಂಕಿನ ಪೈಪನ್ನು ಸುತ್ತಿಗೆಯಿಂದ ಜಜ್ಜಿ ಮುಚ್ಚಿದ್ದರು. ಬಾನೆಟ್ ಬಿಚ್ಚಿಸಿ, ಹುಸೇನಸಾಬನನ್ನು ಮತ್ತೆ ವಿಚಾರಿಸಿದಾಗ ಉಳಿದದ್ದೂ ತಿಳಿಯಿತು. ಸಣ್ಣ ಸಾಹುಕಾರ, ಅಂದರೆ ಸಾಹುಕಾರರ ಮಗ ಮಹಾಂತೇಶನಿಗೆ ಕಾರ್ ರೇಸಿನ ಹುಚ್ಚು. ಎಂಜಿನ್ನಿನ ಹೆಡ್ ಉಜ್ಜಿಸಿ ಕಂಪ್ರೆಷನ್ ಏರಿಸಿದ್ದ. ಕಂಪ್ರೆಷನ್ ಎಂದರೆ ಸಿಲಿಂಡರಿನೊಳಗೆ ಪೆಟ್ರೋಲು-ಗಾಳಿಯ ಮಿಶ್ರಣವನ್ನು ಒತ್ತುವ ಪ್ರಮಾಣ. ಅದು ಮಿತಿ ಮೀರಿದರೆ ಸಾದಾ ಪೆಟ್ರೋಲು ಪ್ಲಗ್ಗಿನ ಕಿಡಿಗೆ ಕಾಯದೆ ತಾನೇ ಹೊತ್ತಿಕೊಂಡು ಎಂಜಿನ್ ಬಡಿಯುತ್ತದೆ. ಹಾಗಾಗದಂತೆ ತಡೆದುಕೊಳ್ಳುವ ಗುಣಕ್ಕೆ ಆಕ್ಟೇನ್ ಎನ್ನುತ್ತಾರೆ. ಹೆಚ್ಚು ಆಕ್ಟೇನಿನ ರೇಸ್ ಪೆಟ್ರೋಲು ನಮ್ಮ ಕಡೆಯ ಪಂಪುಗಳಲ್ಲಿ ಎಲ್ಲಿ ಸಿಗಬೇಕು? ಮದ್ರಾಸಿನಿಂದ ಡ್ರಮ್ಮಿನಲ್ಲಿ ತರಿಸಿ ತಮ್ಮ ಕಲ್ಲಿನ ಕ್ವಾರಿಯಲ್ಲಿಟ್ಟಿದ್ದ. ಅದಕ್ಕಾಗಿಯೇ ಈ ಬೇರೆ ಕ್ಯಾನು. ರೇಸಿನ ಮೈದಾನದಲ್ಲಿ ಹೆಲ್ಮೆಟ್ಟು ಹಾಕಿಕೊಂಡು ಓಡಿಸಬೇಕಾದ ಗಾಡಿಯಲ್ಲಿ, ಮನೆಯ ಇನ್ನೊಂದು ಕಾರು ರಿಪೇರಿಗೆ ಹೋಗಿದೆ ಎಂದು ಎಪ್ಪತ್ತು ದಾಟಿದ ಅಜ್ಜಿಯನ್ನು ದೇವರಿಗೆ ಕಳಿಸಿದ್ದ!

ಕ್ಯಾನಿನಿಂದ ಎಂಜಿನ್ನಿಗೆ ಹೋಗುತ್ತಿದ್ದ ಪೈಪು ಹೆಚ್ಚೂ ಕಡಿಮೆ ಸುಟ್ಟುಹೋಗಿತ್ತು. ಪಂಪಿನ ಹಿಂದೆ, ಕ್ಲಿಪ್ಪಿನಲ್ಲಿ ಒಂದು ಗೇಣಷ್ಟು ಉಳಿದಿತ್ತು. ಒಣಗಿದ ಕಡ್ಡಿಯಂತೆ ಸೆಟೆದು ಉದ್ದಕ್ಕೂ ಸೀಳು ಬಿಟ್ಟಿತ್ತು. ಮೇಲೆ ಒಂದು ಕೆಂಪು ಪಟ್ಟಿ. ರಬ್ಬರಿನದಲ್ಲ, ಪಾರದರ್ಶಕ ಪ್ಲಾಸ್ಟಿಕ್ಕಿನದು. ಸೀಟಿನ ಕೆಳಗೆ ಹಾದು ಬಿಸಿ ಸೈಲೆನ್ಸರಿನ ಪಕ್ಕದಲ್ಲೇ ಅದು ಮುಂದೆ ಹೋಗಿತ್ತು.

ಇಂಥದನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಮರುದಿನ ಕ್ವಾರಿಗೆ ಹೋದೆ. ಅಲ್ಲಿ ಇಬ್ಬರು ಕೆಲಸಗಾರರು ಉದ್ದನೆಯ ಪ್ಲಾಸ್ಟಿಕ್ ಪೈಪಿನಲ್ಲಿ ನೀರು ತುಂಬಿ, ಎರಡೂ ತುದಿ ಎತ್ತಿ ಹಿಡಿದು ಬಂಡೆಯ ಮಟ್ಟ ನೋಡುತ್ತಿದ್ದರು. ಅದನ್ನು ಅವರು ಲೆವೆಲ್ ಪೈಪು ಎನ್ನುತ್ತಾರೆ. ಅದರ ಮೇಲೂ ಕೆಂಪು ಪಟ್ಟಿಗಳಿದ್ದವು. ನನ್ನ ಕೈಯಲ್ಲಿದ್ದ ತುಂಡನ್ನು ಹಿರಿಯನೊಬ್ಬನಿಗೆ ತೋರಿಸಿದೆ.

“ಇದು ನಮ್ಮದ ಐತ್ರಿ. ಪಟ್ಟಿ ನಾನ ಬಳದಿದ್ದು. ಸಣ್ಣ ಸಾಹುಕಾರ್ರು ಹತ್ತ ಫೂಟ ಕೊಯ್ಕೊಂಡ ಹೋದ್ರು,” ಎಂದ. ತುಂಡನ್ನು ಮೂಸಿ ನೋಡಿ ಮುಖ ಸಿಂಡರಿಸಿದ. “ನೀರ ಹಿಡಿಯೂ ಪೈಪಿನ್ಯಾಗ ಯಾರರ ಪೆಟ್ರೋಲ್ ಬಿಡ್ತಾರೇನ್ರಿ?”

ಶಾಲೆಯ ಮೆಟ್ಟಿಲು ಹತ್ತದ ಮನುಷ್ಯನಿಗೆ ತಿಳಿದದ್ದು ಕಾಲೇಜು ಓದಿದ ಮಹಾಂತೇಶನಿಗೆ ತಿಳಿದಿರಲಿಲ್ಲ. ಹುಬ್ಬಳ್ಳಿಯಿಂದ ಸರಿಯಾದ ಪೈಪು ತರಿಸುವಷ್ಟು ತಾಳ್ಮೆಯೂ ಇರಲಿಲ್ಲ.

ಎರಡು ಬಾಟಲಿ ತೆಗೆದುಕೊಂಡೆ. ಒಂದಕ್ಕೆ ನೀರು, ಇನ್ನೊಂದಕ್ಕೆ ಕ್ವಾರಿಯ ಡ್ರಮ್ಮಿನ ರೇಸ್ ಪೆಟ್ರೋಲು. ಎರಡರಲ್ಲೂ ಹೊಸ ಲೆವೆಲ್ ಪೈಪಿನ ತುಂಡು ಹಾಕಿ ಐದು ದಿನ ಇಟ್ಟು, ತೆಗೆದು ಒಣಗಿಸಿದೆ. ನೀರಿನದು ಬಳುಕಿತು. ಪೆಟ್ರೋಲಿನದನ್ನು ಬಗ್ಗಿಸಿದರೆ ಲಟಕ್ಕೆಂದು ಮುರಿಯಿತು. ಕಾರಿನಲ್ಲೂ ಪೈಪು ಹೀಗೆಯೇ ಸೆಟೆದು ಸೀಳಿ, ಸೋರಿದ ಪೆಟ್ರೋಲು ಬಿಸಿ ಸೈಲೆನ್ಸರಿನ ಮೇಲೆ ಬಿದ್ದು ಹೊತ್ತಿಕೊಂಡಿತ್ತು.

ಸುದ್ದಿ ತಿಳಿದು ಸಾಹುಕಾರರು ಮಗನ ಜೊತೆ ನನ್ನ ಆಫೀಸಿಗೇ ಬಂದರು. ಕಾರನ್ನು ಅನುಮತಿ ಇಲ್ಲದೆ ಮಾರ್ಪಡಿಸಿದ್ದು ಹೊರಬಿದ್ದರೆ ಕೇಸು ಮಗನ ಕೊರಳಿಗೆ ಬರುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

“ರಾವಸಾಹೇಬ್ರ, ನಿಮ್ಮ ಫಾರ್ಮಿನ್ಯಾಗ ಡಿಕ್ಕಿ ಕಾಲಂ ಐತೇನ್ರಿ?” ಎಂದರು. “ಇಲ್ಲದ್ದ ಯಾಕ ಬರೀತೀರಿ?”

ಮೈಯೆಲ್ಲ ಉರಿದುಹೋಯಿತು. “ಇಲ್ರಿ. ಆದ್ರ ಹಿಂದಿನ ಪುಟ ಪೂರಾ ಖಾಲಿ ಐತಿ,” ಎಂದೆ. ಅವರ ಎದುರಿಗೇ ಮೊದಲು ಬರೆದ ಸಾಲನ್ನು ಹೊಡೆದು ಹಾಕಿ, ಕಾಗದ ತಿರುವಿ, ಕ್ಯಾನಿನಿಂದ ಹಿಡಿದು ಬಾಟಲಿಯವರೆಗೆ ಎಲ್ಲವನ್ನೂ ಬರೆದು ಸಹಿ ಮಾಡಿದೆ.

ಆಮೇಲೂ ಫೌಜದಾರರು ಮೀನಮೇಷ ಎಣಿಸುತ್ತಿದ್ದರು. ನೀಲವ್ವನ ಹೇಳಿಕೆಯನ್ನು ಅದುವರೆಗೆ ಯಾರೂ ಕೇಳಿರಲೇ ಇಲ್ಲ. ನಾನು ಪಟ್ಟು ಹಿಡಿದ ಮೇಲೆ ಅವರ ಮನೆಗೆ ಹೋದೆವು. ಮಗ, ಮೊಮ್ಮಗ ಎದುರಿಗೇ ನಿಂತಿದ್ದರು. ಮುದುಕಿ ಅವರ ಕಡೆ ನೋಡಲಿಲ್ಲ.

“ಬರಕೋ ತಮ್ಮಾ,” ಎಂದಳು ಫೌಜದಾರರಿಗೆ. “ಬೀಡಿ ವಾಸನಿ ನನಗ ಗೊತ್ತೈತಿ, ನನ್ನ ಗಂಡ ಸೇದತಿದ್ದ. ಬದಾಮಿ ಬಿಟ್ಟಾಗಿಂದ ಬಂದದ್ದು ಪೆಟ್ರೋಲ್ ವಾಸನಿ. ಇವರು ನನ್ನ ಕೂಸಿನ ಮ್ಯಾಲ ಸುಳ್ಳ ಹಾಕ್ಯಾರ.”

ಕೂಸು ಎಂದದ್ದು ಹುಸೇನಸಾಬನಿಗೆ. ಅವನ ಮೇಲಿನ ಕೇಸು ಬಿದ್ದುಹೋಯಿತು. ಮಹಾಂತೇಶ ಕಾರು ಮಾರ್ಪಡಿಸಿದ್ದಕ್ಕೆ ಪುಡಿಗಾಸಿನ ದಂಡ ಕಟ್ಟಿ, ಮುಂದಿನ ರೇಸಿಗೆ ಬೇರೆ ಕಾರು ತೆಗೆದುಕೊಂಡ.

ಕೇಸು ಮುಗಿದ ಮೇಲೆ, ಪೊಲೀಸರು ನಡುವೆ ಜಪ್ತಿ ಮಾಡಿದ್ದ ಲೈಸೆನ್ಸನ್ನು ಹಿಂದಿರುಗಿಸಲು ನಾನೇ ಹುಸೇನಸಾಬನ ಮನೆಗೆ ಹೋದೆ. ಗಾಯ ಮಾಗಿತ್ತು, ಆದರೆ ಬೆರಳುಗಳು ಮಡಚುತ್ತಿರಲಿಲ್ಲ. ಆ ಕಾಗದವನ್ನು ಎರಡು ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡ.

“ಇದಾದ್ರೂ ಪಾರಾತ್ರಿ, ಸಾಹೇಬ್ರ,” ಎಂದ.

ಅವನು ಮತ್ತೆ ಸ್ಟಿಯರಿಂಗ್ ಹಿಡಿಯಲಿಲ್ಲ.

ಆಮೇಲೆ ನನ್ನ ಸರ್ವೀಸು ಮುಗಿಯುವವರೆಗೆ, ಡ್ರೈವರನ ಮಾತು ಕೇಳದೆ ನಾನು ಯಾವ ವರದಿಗೂ ಸಹಿ ಮಾಡಲಿಲ್ಲ. ನೌಕರಿ ನನಗೆ ಕಲಿಸಿದ ಪಾಠ ಅದೇ. ಇದನ್ನು ಕೇಳಿದವರು ನನ್ನನ್ನು ಪ್ರಾಮಾಣಿಕ ಎಂದು ಹೊಗಳುತ್ತಾರೆ. ಆಗ ನನಗೆ ಒಂದೇ ನೆನಪಾಗುತ್ತದೆ. ಅಂದು ದವಾಖಾನೆಗೆ ನಾನು ಅವನ ಮಾತು ಕೇಳಲು ಹೋಗಿರಲಿಲ್ಲ. ಲೈಸೆನ್ಸ್ ನಂಬರ್ ಠಾಣೆಯಲ್ಲೇ ಸಿಕ್ಕಿದ್ದರೆ, ಆ ಒಂದು ಸಾಲಿನ ಕೆಳಗೆ ಸಹಿ ಹಾಕಿ ಊಟಕ್ಕೆ ಮನೆಗೆ ಹೋಗುತ್ತಿದ್ದೆ.