ಗೆರೆಯ ಮೇಲಿನ ಅರಿಶಿನ ದಾರ

ಎಪ್ಪತ್ತರ ದಶಕದ ನಡುವಿನ ಮಾತು. ಬೈಲಹೊಂಗಲದಿಂದ ಸವದತ್ತಿಯ ಹೈಸ್ಕೂಲೊಂದಕ್ಕೆ ದೈಹಿಕ ಶಿಕ್ಷಕಿಯಾಗಿ ನನಗೆ ವರ್ಗವಾಗಿತ್ತು. ಹೆಣ್ಣುಮಗಳೊಬ್ಬಳು ಕೊರಳಲ್ಲಿ ಸೀಟಿ ಹಾಕಿಕೊಂಡು ಮೈದಾನದಲ್ಲಿ ನಿಲ್ಲುವುದೇ ಆಗ ಊರಿಗೆ ತಮಾಷೆ. ನಗುವವರನ್ನು ಕಂಡರೆ ನಾನು ಇನ್ನಷ್ಟು ಜೋರಾಗಿ ಊದುತ್ತಿದ್ದೆ.

ಕಾಲೇಜಿನಲ್ಲಿ ನಾನೂ ನೂರು ಮೀಟರ್ ಓಡಿದವಳು. ಶಿಕ್ಷಕರ ತರಬೇತಿಯಲ್ಲಿದ್ದಾಗ, ನಿವೃತ್ತರಾಗಿದ್ದ ಅಮೆರಿಕದ ಸ್ಪ್ರಿಂಟರ್ ಒಬ್ಬರು ಬಂದು ಒಂದು ದಿನ ಪಾಠ ಹೇಳಿದ್ದರು. ಓಟ ಗೆರೆಯಲ್ಲಿ ಮುಗಿಯುವುದಿಲ್ಲ, ಅದರಾಚೆ ಮುಗಿಯುತ್ತದೆ. ಇಷ್ಟು ವರ್ಷ ಓಡಿ ತಾವು ಕಲಿತದ್ದು ಇದೊಂದೇ ಎಂದಿದ್ದರು. ಅದನ್ನೇ ನಾನು ಶಾಂತವ್ವನಿಗೆ ಹೇಳಿಕೊಟ್ಟಿದ್ದೆ.

ಶಾಂತವ್ವ ಉಗರಗೋಳದ ಹುಡುಗಿ. ತಾಯಿ ನೀಲವ್ವ ದೇವಿಯ ಗುಡ್ಡದ ದಾರಿಯಲ್ಲಿ ಭಕ್ತರಿಗೆ ಭಂಡಾರದ ಪುಡಿ, ಅರಿಶಿನ ದಾರ ಮಾರುತ್ತಿದ್ದಳು. ಮಗಳು ತಾಲೂಕಿನಲ್ಲಿ ಗೆದ್ದು ಬೆಳಗಾವಿಯ ಜಿಲ್ಲಾ ಕೂಟಕ್ಕೆ ಆಯ್ಕೆಯಾದರೆ ಶಾಲೆ, ಇಲ್ಲವಾದರೆ ಅಂಗಡಿ ಎಂದು ಹೇಳಿಬಿಟ್ಟಿದ್ದಳು. "ಓಡಿದ್ರ ಹೊಟ್ಟಿ ತುಂಬತೈತೇನ್ರಿ ಅಕ್ಕಾರ?" ಎಂದು ಕೇಳಿದ್ದಳು.

ತಾಲೂಕು ಕ್ರೀಡಾಕೂಟದ ದಿನ ಬೆಳಿಗ್ಗೆ ಹೀಟ್ಸ್, ಅಂದರೆ ಫೈನಲ್‌ಗೆ ಆರಿಸುವ ಓಟ. ಶಾಂತವ್ವ ಎಲ್ಲರಿಗಿಂತ ಮುಂದಿದ್ದಳು. ಗೆರೆ ಎದುರಿಗೇ ಇತ್ತು. ಅಲ್ಲಿಗೆ ಬಂದವಳು ಗಕ್ಕನೆ ನಿಂತುಬಿಟ್ಟಳು! ಹಿಂದಿದ್ದವಳು ದಾಟಿ ಗೆದ್ದಳು. ಆಮೇಲೆ ಗೆರೆ ದಾಟಿದ ಶಾಂತವ್ವ ಎರಡನೆಯವಳಾಗಿ ಹೇಗೋ ಫೈನಲ್‌ಗೆ ಉಳಿದುಕೊಂಡಳು.

ಕಾಲಿನ ಸ್ನಾಯು ಹಿಡಿದುಕೊಂಡಿರಬೇಕು ಎಂದುಕೊಂಡೆ. ಓಡಿಹೋಗಿ ಅವಳ ಮೀನಖಂಡ ಒತ್ತಿ ನೋಡತೊಡಗಿದೆ.

"ಕಾಲಿಗೇನೂ ಆಗಿಲ್ರಿ," ಎಂದಳು. "ಅರಿಶಿಣದ ದಾರ ಅದರಿ ಅದು. ಹೆಂಗ ಹರೀಲ್ರಿ?"

ಆಗ ತಿರುಗಿ ನೋಡಿದೆ. ಗೆರೆಯ ಮೇಲೆ ಎದೆಯೆತ್ತರಕ್ಕೆ ಹಿಡಿಯುವ ಉಣ್ಣೆಯ ಎಳೆಗೆ ಫಿನಿಶಿಂಗ್ ಟೇಪ್ ಎನ್ನುತ್ತಾರೆ. ಗೆದ್ದವರ ಎದೆಗೆ ತಾಗಿ ಅದು ಹರಿಯಬೇಕು. ಉಣ್ಣೆ ಮುಗಿದಿದ್ದರಿಂದ ಶಾಲೆಯ ಸಿಪಾಯಿ ಗುಡ್ಡದ ದಾರಿಯಲ್ಲಿ ಕೊಂಡ ಹಳದಿ ದಾರವನ್ನೇ ಕಟ್ಟಿದ್ದ. ಹರಿದ ದಾರವನ್ನು ಯಾರೂ ಕೊಳ್ಳುವುದಿಲ್ಲ. ಒಂದೆಳೆಯೂ ಹರಿಯದಂತೆ ಒಣಗಿಸಿ ಸುತ್ತುವುದು ಚಿಕ್ಕಂದಿನಿಂದ ಶಾಂತವ್ವನ ಕೆಲಸ. ಅಂಥವಳಿಗೆ ಎದೆಯೊಡ್ಡಿ ಹರಿ ಎಂದರೆ? ಅಮೆರಿಕದವರ ಪಾಠದಲ್ಲಿ ಅರಿಶಿನದ ಮಾತೇ ಇರಲಿಲ್ಲ.

ಪ್ರಥಮ ಚಿಕಿತ್ಸೆಯ ಡಬ್ಬಿಯಿಂದ ಬಿಳಿ ಬ್ಯಾಂಡೇಜ್ ಬಟ್ಟೆ ತೆಗೆದು, ದಾರದ ಬದಲು ಕಟ್ಟಲೆಂದು ಗೆರೆಯತ್ತ ನಡೆದೆ. ಮುಖ್ಯ ತೀರ್ಪುಗಾರರು ಅಡ್ಡ ಬಂದರು.

"ರೂಲ್‌ನ್ಯಾಗ ಬ್ಯಾಂಡೇಜ್ ಎಲ್ಲೈತ್ರಿ ಬಾಯಾರ?"

"ಅರಿಶಿಣ ಎಲ್ಲೈತ್ರಿ ಸರ?" ಎಂದೆ.

ಸುತ್ತ ನಿಂತವರು ಗೊಳ್ಳೆಂದು ನಕ್ಕರು. ಅವರೂ ನಕ್ಕು ದಾರಿ ಬಿಟ್ಟರು. ಸಿಪಾಯಿ ಫೈನಲ್‌ಗೆಂದು ಹೊಸದಾಗಿ ಕಟ್ಟಿದ್ದ ಹಳದಿ ದಾರವನ್ನು ಜೋಪಾನವಾಗಿ ಬಿಚ್ಚಿ ಸುತ್ತಿಕೊಂಡ.

ಮಧ್ಯಾಹ್ನ ಫೈನಲ್. ನೀಲವ್ವ ಅಂಗಡಿ ಮುಚ್ಚಿ ಬಂದು ಗೆರೆಯಾಚೆ ಬಹುದೂರ, ಬೇವಿನ ಮರದ ಕೆಳಗೆ ನಿಂತಿದ್ದಳು. ಈ ಸಲ ಶಾಂತವ್ವ ನಿಲ್ಲಲಿಲ್ಲ. ಬ್ಯಾಂಡೇಜನ್ನು ಎದೆಗೆ ಸುತ್ತಿಕೊಂಡೇ ಓಡಿ, ತಾಯಿಯನ್ನು ಹೋಗಿ ತಬ್ಬಿದಳು. ನಾನು ಸೀಟಿ ಊದುವುದನ್ನೂ ಮರೆತು ಅತ್ತೆ.

ನೀಲವ್ವ ಸಿಪಾಯಿಯ ಕೈಯಿಂದ ಹಳದಿ ದಾರ ಇಸಿದುಕೊಂಡು ಮಗಳ ಮುಂಗೈಗೆ ಕಟ್ಟಿದಳು. "ಬೆಳಗಾವಿಗೆ ಇದನ್ನ ಕಟ್ಕೊಂಡ ಹೋಗವಾ. ಅಂಗಡಿ ನಾ ನೋಡ್ಕೋತೇನಿ."

ಆಮೇಲೆ ನಿವೃತ್ತಿಯವರೆಗೂ ಎಷ್ಟೋ ಮಕ್ಕಳು ಓಡುತ್ತ ಓಡುತ್ತ ನಿಂತದ್ದನ್ನು ಕಂಡೆ. ಅವರ ಕಾಲನ್ನು ಆಮೇಲೆ ನೋಡುತ್ತಿದ್ದೆ. ಅವರು ನಿಂತ ಜಾಗದಲ್ಲಿ ನಾನೂ ನಿಂತು, ಎದುರಿಗೆ ಏನಿದೆ ಎಂದು ಮೊದಲು ನೋಡುತ್ತಿದ್ದೆ.