ಬೇಡ ಎನ್ನಬೇಕಾಗಿದ್ದ ಯಂತ್ರ

ರಕ್ತನಿಧಿಯ ನೆಲಮಾಳಿಗೆಯಲ್ಲಿ ಎರಡು ಕೋಣೆಗಳಿವೆ. ಒಂದರಲ್ಲಿ ರಕ್ತದ ಚೀಲಗಳನ್ನಿಡುವ ಫ್ರಿಜ್‌ಗಳು ಗುಂಯ್‌ಗುಡುತ್ತವೆ. ಇನ್ನೊಂದರಲ್ಲಿ ಒಂದು ಮೇಜು, ಎರಡು ಪರದೆ, ಬೆನ್ನಿಗೆ ದಿಂಬು ಕಟ್ಟಿದ ಕುರ್ಚಿ. ಅಲ್ಲಿ ಕೂರುವವರನ್ನು ಎಲ್ಲರೂ ‘ಕೆಳಗಿನ ಮೇಡಂ’ ಎನ್ನುತ್ತಾರೆ. ಯಾರ ರಕ್ತ ಯಾರಿಗೆ ಒಗ್ಗುತ್ತದೆ ಎಂಬ ಮಾಹಿತಿ ಈ ಕಟ್ಟಡದಲ್ಲಿಲ್ಲ. ದೂರದ ಕಂಪನಿಯೊಂದರ ಕ್ಲೌಡ್‌ನಲ್ಲಿ, ಬಾಡಿಗೆಯ ಡೇಟಾಬೇಸಿನಲ್ಲಿದೆ. ಅದನ್ನು ಕಾಯುವುದು ಮೇಡಂ ಕೆಲಸ.

ಅವರ ಮೈದುನನ ಮಾಹಿತಿಯೂ ಅದರಲ್ಲಿದೆ. ಗಡಿಯಾರ ರಿಪೇರಿ ಮಾಡುವ ಅವನಿಗೆ ಹುಟ್ಟಿದಾಗಿನಿಂದ ಮೈಯಲ್ಲಿ ರಕ್ತ ಸಾಕಷ್ಟು ತಯಾರಾಗುವುದಿಲ್ಲ. ಮೂರು ವಾರಕ್ಕೊಮ್ಮೆ ಬೇರೆಯವರ ರಕ್ತ ಏರಿಸಬೇಕು. ಎಷ್ಟೋ ಜನರ ರಕ್ತ ಪಡೆದ ಆ ಮೈ ಈಗ ಬಹುಪಾಲು ಚೀಲಗಳನ್ನು ಒಲ್ಲೆನ್ನುತ್ತದೆ. ಒಗ್ಗುವುದು ಯಾವುದೆಂದು ಬೇಗ ಹುಡುಕಲು ಹಳೆಯ ದಾಖಲೆಯೇ ಆಧಾರ.

“ಊಟ ನಿಮ್ಮ ಮನೇದು, ರಕ್ತ ನಿಮ್ಮ ಆಫೀಸಿಂದು. ಜಗಳ ಆಡೋಕೂ ದಾರಿ ಇಟ್ಟಿಲ್ಲ ಅತ್ತಿಗೆ,” ಎನ್ನುವುದು ಅವನ ಮಾಮೂಲಿ ಮಾತು.

ಡೇಟಾಬೇಸಿಗೆ ಒಂದು ಪ್ರಮಾಣಪತ್ರವಿರುತ್ತದೆ. ‘ನಾನೇ ಅಸಲಿ’ ಎಂದು ಡೇಟಾಬೇಸು ಪ್ರತಿ ಕಂಪ್ಯೂಟರಿಗೂ ತೋರಿಸುವ ಗುರುತು ಅದು. ಅದಕ್ಕೂ ಅವಧಿ ಉಂಟು. ಹಳೆಯದು ಬರುವ ಬುಧವಾರ ಮುಗಿಯುತ್ತದೆ, ಹೊಸದಕ್ಕೆ ಬದಲಾಯಿಸಿಕೊಳ್ಳಿ ಎಂದು ಕಂಪನಿ ತಿಳಿಸಿತ್ತು. ಮೊದಲು ಎಲ್ಲ ಕಂಪ್ಯೂಟರುಗಳಿಗೂ ಹೊಸ ಗುರುತಿನ ಪರಿಚಯ, ಆಮೇಲೆ ಡೇಟಾಬೇಸಿನಲ್ಲಿ ಬದಲಾವಣೆ, ಇದು ಕ್ರಮ. ಹೊಸ ಬೀಗ ಜಡಿದ ಮೇಲೆ ಕೀಲಿ ಹಂಚಹೊರಟರೆ ಮನೆಯವರೇ ಬೀದಿಯಲ್ಲಿ ನಿಲ್ಲಬೇಕಾಗುತ್ತದೆ. ಮೇಡಂ ಆ ಪರಿಚಯವನ್ನು ಕೆಳಗೆ ಕೂತೇ ಎಲ್ಲ ಕಡೆಗೂ ಕಳಿಸಿದರು. ಎರಡು ದಿನ ಬಿಟ್ಟು ಹೊಸ ಗುರುತಿನ ನಕಲು ಡೇಟಾಬೇಸೊಂದನ್ನು ಮಾಡಿ ಪರೀಕ್ಷಿಸಿದರು. ಎಲ್ಲ ಕಂಪ್ಯೂಟರುಗಳೂ ಸಲೀಸಾಗಿ ಸಂಪರ್ಕ ಪಡೆದವು.

ಮೇಲಿನ ಪ್ರಯೋಗಾಲಯದ ಬೆಂಚಿನಲ್ಲಿ ರಕ್ತ ಹೊಂದಿಸಿ ನೋಡುವವರಿಗೆ ಬೆಂಚಿನಕ್ಕ ಎಂದೇ ಹೆಸರು. ಮೇಡಂ ಮೇಲೆ ಹೋಗಿ ಅಕ್ಕನಿಗೆ ಸುದ್ದಿ ಹೇಳಿದರು.

“ನಿಮ್ಮ ಕಂಪ್ಯೂಟರಿಂದೂ ಆಯ್ತು ಅಕ್ಕ.”

“ನಂದಾ? ಫ್ಯಾನ್ ಕೆಟ್ಟು ಅದು ವಾರದಿಂದ ಮುಸುಕು ಹೊದ್ದು ಮಲಗಿತ್ತಲ್ಲ. ಇವತ್ತು ಬೆಳಿಗ್ಗೆ ಎಬ್ಬಿಸಿದ್ದೀನಿ. ಯಾವಾಗ ಹಾಕಿದ್ರಿ?”

ಹಾಕಿರಲಿಲ್ಲ. ಆರಿದ್ದ ಕಂಪ್ಯೂಟರಿಗೆ ಹೊಸ ಗುರುತು ತಲುಪಿಯೇ ಇರಲಿಲ್ಲ. ಕಂಡರಿಯದ ಆ ಗುರುತಿಗೆ ಅದು ಬೇಡ ಎನ್ನಬೇಕಿತ್ತು. ಎಂದಿರಲಿಲ್ಲ.

ಕಾರಣ ಹುಡುಕಬೇಕಾಗಿರಲಿಲ್ಲ. ಹಿಂದಿನ ಸಲ ಅವಧಿ ಮುಗಿದದ್ದು ಗೊತ್ತಾದದ್ದೇ ಪರದೆಗಳು ನಿಂತ ಮೇಲೆ. ಆ ದಿನ ಮೈದುನ ವಾರ್ಡಿನಲ್ಲಿ ತುಟಿ ಬಿಳಿಚಿ ಮಲಗಿದ್ದ. ಮೇಡಂ ಗುರುತು ಕೇಳುವ ಏರ್ಪಾಟನ್ನೇ ಎಲ್ಲ ಕಡೆ ಆರಿಸಿದ್ದರು, ಸದ್ಯಕ್ಕೆ ಎಂದುಕೊಂಡು. ಪರದೆಗಳು ಬಂದವು, ರಕ್ತ ಏರಿತು, ಜನ ಶಹಭಾಸ್ ಎಂದರು. ಉಳಿದವುಗಳಲ್ಲಿ ಆಮೇಲೆ ಸರಿಮಾಡಿದರು. ಬೆಂಚಿನದು ಮಾತ್ರ ಬಿಡುವಿಲ್ಲದೆ ಓಡುತ್ತಿತ್ತು, ಬಿಟ್ಟುಹೋಯಿತು. ಅಂದಿನಿಂದ ಅದು ಗುರುತು ಕೇಳದೆ ಬಾಗಿಲು ತೆಗೆಯುತ್ತಿತ್ತು. ಯಾರಾದರೂ ನಡುವೆ ನುಸುಳಿ ತಾನೇ ಡೇಟಾಬೇಸ್ ಎಂದು ತಪ್ಪು ರಕ್ತದ ಗುಂಪು ಹೇಳಿದ್ದರೆ ಅದನ್ನೇ ತೋರಿಸುತ್ತಿತ್ತು.

“ಓಡ್ತಿರೋದನ್ನ ಯಾಕೆ ಕೆಣಕ್ತೀರಿ?” ಎಂದರು ಬೆಂಚಿನಕ್ಕ. “ಹಳೇ ಪ್ರೋಗ್ರಾಮು, ಹೊಂದಾಣಿಕೆ ದಾಖಲೆ ತೋರಿಸೋದು ಇದೊಂದೇ. ಮುಟ್ಟಿದ್ರೆ ಏಳುತ್ತೋ ಇಲ್ವೋ. ಗುರುವಾರ ನಿಮ್ಮ ಮೈದುನ ಬರ್ತಾನೆ. ಅವನದು ಮುಗೀಲಿ, ಆಮೇಲೆ ನೋಡಿ.”

“ಹೋದ ಸಲಾನೂ ಆಮೇಲೆ ಅಂದಿದ್ದೆ ಅಕ್ಕ.”

ಮನೆಯಲ್ಲಿ ಮೈದುನ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದು ಕೈಗಡಿಯಾರ ಬಿಚ್ಚಿದ್ದ. ಮೇಡಂ ಏನನ್ನೂ ಮುಚ್ಚಿಡದೆ ಹೇಳಿದರು. ಅವನು ತಲೆ ಎತ್ತದೆ ಕೇಳಿದ.

“ನಂಗೆ ಒಗ್ಗೋ ಚೀಲ ಇದೇ ಅಂತ ಯಾರು ಹೇಳೋದು?”

“ಆ ಕಂಪ್ಯೂಟರು.”

“ಅದಕ್ಕೆ ಹೇಳೋರು ಯಾರು ಅಂತ ಅದೇ ಕೇಳಲ್ಲ.”

“ಕೇಳೋ ಹಾಗೆ ಮಾಡಿದ್ರೆ ಗುರುವಾರ ನಿಂತುಬಿಡಬಹುದು ಕಣೋ.”

“ಮಾಡಿ ಅತ್ತಿಗೆ. ನಾಳೆ ಬಾ, ನಾಳೆ ಬಾ ಅಂತ ಗಿರಾಕಿಗಳನ್ನ ಎಷ್ಟು ಕಾಯಿಸಿಲ್ಲ ನಾನು. ಅವರ ಶಾಪ ಒಂದೇ ದಿನದಲ್ಲಿ ತೀರಲಿ.”

ಬುಧವಾರ ಗುರುತು ಬದಲಾಯಿತು. ಮೇಡಂ ಬೆಂಚಿನ ಕಂಪ್ಯೂಟರಿಗೆ ಹೊಸ ಗುರುತಿನ ಪರಿಚಯ ಮಾಡಿಸಿ, ಗುರುತು ಕೇಳುವ ಏರ್ಪಾಟನ್ನು ಮತ್ತೆ ಹಚ್ಚಿದರು; ಹೆದರಿದ್ದಂತೆ ಪ್ರೋಗ್ರಾಮು ಏಳಲಿಲ್ಲ. ಗುರುವಾರ ಮೈದುನ ಬಂದಾಗಲೂ ಪರದೆ ಖಾಲಿ. ಬೆಂಚಿನಕ್ಕ ಅವನ ರಕ್ತದ ಹೊಸ ಮಾದರಿ ತೆಗೆದುಕೊಂಡು ಒಂದೊಂದೇ ಚೀಲದ ಜೊತೆ ಕೈಯಾರೆ ಹೊಂದಿಸಿ ನೋಡತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಅವನು ತಮಾಷೆ ನಿಲ್ಲಿಸಿದ್ದ. ಗೋಡೆಗೆ ತಲೆ ಆನಿಸಿ ಮೇಲುಸಿರು ಬಿಡುತ್ತಿದ್ದ. ಪ್ರೋಗ್ರಾಮು ಬರೆದವರೊಡನೆ ಫೋನಿನಲ್ಲಿದ್ದ ಮೇಡಂ ಅವನತ್ತ ತಿರುಗಿ ನೋಡಲಿಲ್ಲ. ಹೋದ ಸಲದಂತೆ ಗುರುತು ಕೇಳುವುದನ್ನು ಆರಿಸಿಬಿಟ್ಟಿದ್ದರೆ ಪರದೆ ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು, ಬೆಂಚಿನಕ್ಕನಿಗೂ.

ಹೊತ್ತು ಇಳಿಯುವಾಗ ಪ್ರೋಗ್ರಾಮು ಎದ್ದಿತು. ಮೇಡಂ ಮೊದಲು ಸುಳ್ಳು ಗುರುತಿನ ಡೇಟಾಬೇಸೊಂದನ್ನು ಅದರ ಮುಂದಿಟ್ಟರು. ಪರದೆಯ ಮೇಲೆ ಕೆಂಪು ಸಾಲು ಮೂಡಿತು: ಸಂಪರ್ಕ ನಿರಾಕರಿಸಲಾಗಿದೆ. ಆಮೇಲೆ ಅಸಲಿಯದು. ದಾಖಲೆ ಹೇಳಿದ್ದು, ಬೆಂಚಿನಕ್ಕ ಕೈಯಾರೆ ಕಂಡದ್ದು ಎರಡೂ ತಾಳೆಯಾದವು.

ಅರ್ಧ ಚೀಲ ಇಳಿದ ಮೇಲೆ ಮೈದುನ ಕಣ್ಣು ತೆರೆದ.

“ಈಗ ಬೇಡ ಅನ್ನೋದು ಕಲೀತಾ ಅದು?”

“ಕಲೀತು.”

“ನನ್ನ ಮೈಗೆ ಅದು ಮೊದಲಿಂದಾನೂ ಗೊತ್ತು,” ಎಂದು ಅವನು ಮತ್ತೆ ಕಣ್ಣು ಮುಚ್ಚಿದ. ಮೇಡಂ ಜಾರುತ್ತಿದ್ದ ಹೊದಿಕೆಯನ್ನು ಅವನ ಹೆಗಲವರೆಗೆ ಎಳೆದು, ಚೀಲ ಖಾಲಿಯಾಗುವವರೆಗೆ ಅಲ್ಲೇ ಕೂತರು.