ಅದುಮುವುದಲ್ಲ, ತಿರುಗಿಸುವುದು: ರಬ್ಬಿ ನೆಹೊರಾಯ್ ಬೆನ್‌ಶಿಮೋಲ್ ಅವರ ಒಂದು ತಿದ್ದುಪಡಿ

ಮನುಷ್ಯನ ಗುಣಗಳನ್ನು ಒಂದೊಂದಾಗಿ ಕೈಗೆತ್ತಿಕೊಂಡು ಸೋಸುವ ವಿದ್ಯೆಗೆ ಇಸ್ರೇಲಿನ ಸಫೇದ್ ಊರಿನಲ್ಲಿ ನಾಲ್ಕು ಶತಮಾನಗಳಿಗೂ ಮೀರಿದ ಬಾಳಿಕೆಯಿದೆ. ಆ ವಿದ್ಯೆಯ ಹಳೆಯ ಹಸ್ತಪ್ರತಿಗಳನ್ನು ಓದಬಲ್ಲವರಲ್ಲಿ ಮೊದಲ ಸಾಲಿಗೆ ಸೇರಿದವರು, ನಮ್ಮ ಪಾಠಶಾಲೆಯಲ್ಲಿ ಮೂವತ್ತೆಂಟು ವರ್ಷ ಬೋಧಿಸಿ ಈಗ ನಿವೃತ್ತರಾಗುತ್ತಿರುವ ರಬ್ಬಿ ನೆಹೊರಾಯ್ ಬೆನ್‌ಶಿಮೋಲ್ ಅವರು.

ಮೊರೊಕ್ಕೊದ ಮೆಕ್ನೆಸ್‌ನಲ್ಲಿ ತಗಡಿನ ಕೆಲಸದವರ ಮನೆಯಲ್ಲಿ ಹುಟ್ಟಿದ ಅವರು ಆರನೆಯ ವಯಸ್ಸಿಗೆ ಈ ಬೆಟ್ಟದೂರಿಗೆ ಬಂದರು, ಇಪ್ಪತ್ತೊಂಬತ್ತಕ್ಕೆ ಅಧ್ಯಾಪಕರಾದರು. ಕಣ್ಣು ಕಾಣದ ವಿದ್ಯಾರ್ಥಿಯೊಬ್ಬನಿಗೆ ಎರಡು ವರ್ಷ, ಪ್ರತಿದಿನ ತರಗತಿಗೆ ಒಂದು ಗಂಟೆ ಮುಂಚೆ ಬಂದು ಅಂದಿನ ಪಾಠವನ್ನು ಓದಿ ಹೇಳಿದವರು ಅವರು. ಅಡುಗೆಯಾಕೆಯ ಕೈ ಸುಟ್ಟಾಗ ಮೂರು ವಾರ ಶಾಲೆಯ ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚಿದರು. ಬಹಳ ಕೆಟ್ಟದಾಗಿ ಹೆಚ್ಚುತ್ತಿದ್ದರೆಂದು ಆಕೆ ಈಗಲೂ ದೂರುತ್ತಾರೆ. ಹುಟ್ಟಾ ಮುಂಗೋಪಿಯಾದ ಅವರು ಕೋಪ ಬಂದಾಗ ತುಟಿ ಬಿಗಿದು ಕಿಟಕಿಯತ್ತ ತಿರುಗಿ ನಿಲ್ಲುತ್ತಿದ್ದುದನ್ನು ನಾವೆಲ್ಲರೂ ಕಂಡಿದ್ದೇವೆ, ಕಂಡು ಮೆಚ್ಚಿದ್ದೇವೆ.

ಹೆಸರು ತಿಳಿಯದ ಹಿರಿಯರೊಬ್ಬರು ಬರೆದ ಗುಣಶೋಧನೆಯ ಕೈಪಿಡಿಯೊಂದನ್ನು ಅವರು ಸೇವೆಯ ಹತ್ತನೆಯ ವರ್ಷದಲ್ಲಿ ಸಂಪಾದಿಸಿ ಅಚ್ಚು ಹಾಕಿಸಿದರು. ಪೆಸಾಹ್ ಹಬ್ಬದಿಂದ ಶಾವುವೋತ್ ಹಬ್ಬದವರೆಗಿನ ನಲವತ್ತೊಂಬತ್ತು ದಿನ, ದಿನಕ್ಕೊಂದು ಗುಣದಂತೆ ಅದನ್ನು ಪಾಠ ಮಾಡುವುದು ಅಂದಿನಿಂದ ನಮ್ಮಲ್ಲಿ ರೂಢಿಯಾಯಿತು. ಸಿಟ್ಟಿನ ದಿನದ ಪಾಠ ಶುರುವಾಗುತ್ತಿದ್ದುದು ಈ ವಾಕ್ಯದಿಂದ: ‘ಸಿಟ್ಟು ಬಂದರೆ ಅದನ್ನು ಅದುಮು.’

ಹದಿನೇಳು ವರ್ಷಗಳ ಬಳಿಕ, ಅವರಲ್ಲೇ ಹಸ್ತಪ್ರತಿ ಓದಲು ಕಲಿತ ತಿರ್ಸಾ ಲಾನ್ಯಾದೊ ಜೆರುಸಲೇಮಿನಲ್ಲಿ ಮೂಲಪ್ರತಿಯನ್ನು ನೋಡಿ ಬಂದಳು. ಅಲ್ಲಿರುವುದು ‘ಅದುಮು’ ಅಲ್ಲ, ‘ತಿರುಗಿಸು’ ಎಂದಳು. ಹೀಬ್ರೂವಿನಲ್ಲಿ ಎರಡಕ್ಕೂ ಅವೇ ಮೂರು ಅಕ್ಷರಗಳು, ಕ್ರಮ ಮಾತ್ರ ಹಿಂದುಮುಂದು. ರಬ್ಬಿಗಳು ನಂಬಿದ್ದ ಛಾಯಾಪ್ರತಿಯಲ್ಲಿ ಆ ಜಾಗ ಮಸುಕಾಗಿತ್ತು.

ತುಂಬಿದ ಅಧ್ಯಾಪಕರ ಕೋಣೆಯಲ್ಲಿ ಅವರು ಅಂದು ಕಿಟಕಿಯತ್ತ ತಿರುಗಲಿಲ್ಲ. “ನೀನು ಹುಟ್ಟೋಕ್ ಮುಂಚಿಂದ ಆ ಪುಸ್ತಕ ಓದ್ತಿದೀನಿ. ಮೊದಲು ಕನ್ನಡಕ ಮಾಡಿಸ್ಕೋ ಹೋಗು,” ಎಂದುಬಿಟ್ಟರು. ತಿರ್ಸಾ ಹೊರಟುಹೋದಳು.

ಮರುಬೆಳಿಗ್ಗೆ ಅವರು ಜೆರುಸಲೇಮಿನ ಬಸ್ಸು ಹತ್ತಿದರು. ಹುಡುಗಿಯ ಓದೇ ತಪ್ಪಾಗಿರಲಿ ಎಂದು ದಾರಿಯುದ್ದಕ್ಕೂ ಹಾರೈಸುತ್ತಿದ್ದುದನ್ನು ಅವರೇ ಒಪ್ಪಿಕೊಂಡಿದ್ದಾರೆ. ಪ್ರತಿಯನ್ನು ತೆರೆದು ನೋಡಿದರೆ ಶಾಯಿ ಸ್ಪಷ್ಟವಾಗಿತ್ತು. ಸಿಟ್ಟಿನೊಳಗಿನ ಬಲವೂ ದೇವರ ಎಡಗೈಯ, ಅಂದರೆ ನ್ಯಾಯ ವಿಧಿಸುವ ಕೈಯ, ಬಲವೇ, ಅದನ್ನು ಹೂತಿಡದೆ ಸತ್ಯ ನುಡಿಯುವ ಕಡೆಗೆ ತಿರುಗಿಸಬೇಕು ಎಂಬುದು ಮುಂದಿನ ಸಾಲುಗಳ ತಾತ್ಪರ್ಯ. ಆ ಸಾಲುಗಳು ತಮ್ಮ ಮುದ್ರಣದಲ್ಲಿ ಏಕೆ ತೊಡಕಾಗಿ ನಿಂತಿದ್ದವೆಂಬುದು ಅವರಿಗೆ ಆಗ ತಿಳಿಯಿತು.

ಅದೇ ಕೋಣೆಯಲ್ಲಿ, ಅದೇ ಜನರ ಮುಂದೆ ಅವರು ತಿರ್ಸಾಳ ಕ್ಷಮೆ ಕೇಳಿದರು. ಪುಸ್ತಕಕ್ಕೆ ತಿದ್ದೋಲೆ ಅಂಟಿಸಿದರೆ ಸಾಕೆಂದು ನಾವು ಹೇಳಿದೆವು. ಅವರಿಗೆ ಸಾಲದಾಯಿತು, ಏಕೆಂದರೆ ಬೇಕರಿಯ ಮಕ್ಲೂಫ್ ಇದ್ದ. ತಾಯಿ ಸತ್ತ ಸುದ್ದಿಯನ್ನು ಆಕೆ ಮಣ್ಣಾದ ಮೇಲಷ್ಟೇ ಅಣ್ಣ ಮಸೂದ್ ತಿಳಿಸಿದನೆಂದು ಕುದಿಯುತ್ತ ಬಂದಿದ್ದ ಮಕ್ಲೂಫನಿಗೆ, ಸಿಟ್ಟನ್ನು ಅದುಮು ಎಂದು ಹೇಳಿದವರು ಇವರೇ. ಅವನು ಅಕ್ಷರಶಃ ಪಾಲಿಸಿದ್ದ. ಹದಿನಾರು ವರ್ಷ ಅಣ್ಣನ ಮೇಲೆ ದನಿಯೆತ್ತಿರಲಿಲ್ಲ, ಅಣ್ಣನೊಡನೆ ಮಾತೂ ಆಡಿರಲಿಲ್ಲ.

ರಬ್ಬಿಗಳು ಬೇಕರಿಗೆ ಹೋಗಿ, ಹಿಟ್ಟು ಮೆತ್ತಿದ ಹಲಗೆಯ ಮೇಲೆ ಪುಸ್ತಕವಿಟ್ಟು, ತಪ್ಪು ತಮ್ಮದೆಂದು ಹೇಳಿದರು. ಮಕ್ಲೂಫ್ ಬಹಳ ಹೊತ್ತು ಕೈಯೊರೆಸಿಕೊಂಡ.

“ಒಂದ್ ಪದಕ್ಕೆ ಹದಿನಾರು ವರ್ಷಾನಾ ರಬ್ಬಿಗಳೇ?”

“ಹೌದಪ್ಪ.”

“ಈಗೇನ್ ಮಾಡ್ಲಿ?”

“ನಂಗೂ ಸರಿಯಾಗಿ ಗೊತ್ತಿಲ್ಲ. ಮಸೂದನ ಹತ್ರ ಹೋಗೋದಾದ್ರೆ ನಾನೂ ಬರ್ತೀನಿ.”

ಇಬ್ಬರೂ ಮಸೂದನಿದ್ದ ತಿಬೇರಿಯಕ್ಕೆ ಇಳಿದರು. ಅಣ್ಣನ ಅಂಗಳದಲ್ಲಿ ಮಕ್ಲೂಫ್ ಕೂಗಾಡಿದ. ತಾಯಿಯ ಮುಖವನ್ನು ಕೊನೆಯ ಬಾರಿ ನೋಡಗೊಡಲಿಲ್ಲ ಎಂದ. ನೆರೆಯವರು ಬಾಗಿಲಿಗೆ ಬಂದರು. ರಬ್ಬಿಗಳಿಗೆ ಅವನ ತೋಳು ಹಿಡಿದು ಸುಮ್ಮನಿರಿಸಬೇಕೆನಿಸಿತಂತೆ. ಕಷ್ಟಪಟ್ಟು ಕೈ ಹಿಂದಕ್ಕೆ ಕಟ್ಟಿ ನಿಂತರು. ಎಲ್ಲ ಮುಗಿದ ಮೇಲೆ ಮಸೂದ್ ಮೆಟ್ಟಿಲ ಮೇಲೆ ಕುಳಿತ.

“ಅಮ್ಮ ಹೋದ್ಲು ಅಂತ ನಿಂಗೆ ಹೇಳೋಕೆ ನಾಲಿಗೆ ಬರ್ಲಿಲ್ಲ ಕಣೋ. ನಿನ್ನ ಬೈಗುಳಕ್ಕೆ ಕಾದಿದ್ದೆ. ನೀನು ಸುಮ್ನಿದ್ಬಿಟ್ಟೆ, ಅದ್ನ ತಡ್ಕೊಳೋಕಾಗ್ಲಿಲ್ಲ.”

ಆ ಶುಕ್ರವಾರ ಅಣ್ಣತಮ್ಮಂದಿರು ಒಟ್ಟಿಗೆ ತಾಯಿಯ ಸಮಾಧಿಗೆ ಹೋಗಿ, ನಮ್ಮ ರೂಢಿಯಂತೆ ಅದರ ಮೇಲೆ ಸಣ್ಣ ಕಲ್ಲಿಟ್ಟು ಬಂದರು. ಹದಿನಾರು ವರ್ಷಗಳನ್ನು ಯಾರೂ ಮರಳಿಸಲಾರರು. ಮರಳಿಸಿದಂತೆ ರಬ್ಬಿಗಳು ಎಂದೂ ನಟಿಸಿಲ್ಲ. ಆದರೆ ಮುಂದಿನ ಹನ್ನೊಂದು ವರ್ಷ, ಪಾಠಕ್ಕೆ ಕುಳಿತ ಪ್ರತಿ ಹೊಸ ತಂಡಕ್ಕೂ ಸಿಟ್ಟಿನ ದಿನ ಮೊದಲು ತಮ್ಮ ತಪ್ಪು ಓದನ್ನು ಹೇಳಿ, ಅನಂತರವೇ ಸರಿಯಾದುದನ್ನು ಓದಿಸಿದರು.

ಈಗ ಅವರು ತಿರ್ಸಾಳೊಡನೆ ಎರಡನೆಯ ಮುದ್ರಣ ಸಿದ್ಧಪಡಿಸುತ್ತಿದ್ದಾರೆ, ಸಂಪಾದಕರಲ್ಲಿ ಆಕೆಯ ಹೆಸರು ಮೊದಲು ಬರಬೇಕೆಂದು ಹಟ ಹಿಡಿದಿದ್ದಾರೆ. ಕಳೆದ ಗುರುವಾರ ಒಂದು ಪದದ ಬಗ್ಗೆ ಇಬ್ಬರೂ ವಾದಿಸಿದ ದನಿ ಬೀದಿಯವರೆಗೆ ಕೇಳಿಸಿತು. ನೂರಿಪ್ಪತ್ತು ವರ್ಷ ಬಾಳಲಿ ಎಂದು ನಮ್ಮ ಜನ ಹರಸುತ್ತಾರೆ. ರಬ್ಬಿಗಳು ಅಷ್ಟೂ ವರ್ಷ ಬಾಳಲಿ, ಕಣ್ಣು ಚುರುಕಾಗಿರಲಿ, ಅವರೊಡನೆ ಅಂಜದೆ ವಾದಿಸುವವರು ಅವರಿಗೆ ಎಂದೂ ಕಡಿಮೆಯಾಗದಿರಲಿ.